ಉಗುರುಬಣ್ಣದ ಗುರುತು

ಸದಾಶಿವನಗರದ ಆ ಮನೆಯ ಗೇಟಿನ ಪಕ್ಕದ ಕೋಣೆಯಲ್ಲಿ ಮೊದಲು ಎರಡು ಸ್ಕೂಟರ್ ನಿಲ್ಲುತ್ತಿದ್ದವು. ಈಗ ಅದು ರೆಕಾರ್ಡಿಂಗ್ ಸ್ಟುಡಿಯೋ. ಗೋಡೆಗೆ ಬಟ್ಟೆ ಹೊದಿಸಿದ ದಪ್ಪ ಹಲಗೆಗಳು, ಒಂದು ಕಂಪ್ಯೂಟರ್, ಮೇಜಿನ ಮೇಲೆ ಎರಡು ಸಣ್ಣ ಮಾನಿಟರ್ ಸ್ಪೀಕರ್. ಮಾಲೀಕನ ಹೆಸರು ರೋಹನ. ಅವನಿಗೆ ಒಳ್ಳೆಯ ನಗುವಿತ್ತು, ಒಳ್ಳೆಯ ಕಾರಿತ್ತು, ಬೆಳಗಾವಿ ತುಂಬ ಪರಿಚಯವಿತ್ತು. ಸಂಗೀತದ ಕಿವಿಯೊಂದು ಮಾತ್ರ ಇರಲಿಲ್ಲ. ಕಿವಿಯ ಕೆಲಸವನ್ನು ಶೈಸ್ತಾ ಮಾಡುತ್ತಿದ್ದಳು.

ಒಂಬತ್ತು ವರ್ಷದಿಂದ ಅವಳು ಅನಗೋಳದಿಂದ ಸ್ಕೂಟಿ ಹತ್ತಿ ಬರುತ್ತಿದ್ದಳು. ಭಜನೆ, ಅಭಂಗ, ಚುನಾವಣೆಯ ಹಾಡು, ಮದುವೆಯ ವಿಡಿಯೋಗೆ ಬೇಕಾದ ಸಂಗೀತ, ಯಾವುದು ಬಂದರೂ ಕೂತು ದನಿ ಹದ ಮಾಡುವವಳು ಅವಳೇ. ಹೊರಗೆ ಹೋಗುವಾಗ ಅದಕ್ಕೆ ಅಂಟುತ್ತಿದ್ದ ಹೆಸರು ರೋಹನನದು. ಅವಳು ಅವನಿಗೆ 'ರೀ' ಹಚ್ಚಿ ಮಾತಾಡುತ್ತಿದ್ದಳು, ಅವನು ಅವಳಿಗೆ 'ನೀ' ಅನ್ನುತ್ತಿದ್ದ. ಇಬ್ಬರದೂ ಮೂವತ್ತಾರರ ವಯಸ್ಸು. ಒಂಬತ್ತು ವರ್ಷದಲ್ಲಿ ಆ 'ರೀ' ಈ ಕಡೆಯಿಂದ ಇಳಿಯಲಿಲ್ಲ, ಆ ಕಡೆಯಿಂದ ಹುಟ್ಟಲೂ ಇಲ್ಲ.

ಆ ಸಣ್ಣ ಸ್ಪೀಕರುಗಳದ್ದು ಒಂದು ಕೊರತೆ. ತಬಲಾದ ಚಟಪಟ ಸ್ಪಷ್ಟವಾಗಿ ಹೇಳುತ್ತಿದ್ದವು, ಅದರ ಎಡಗೈ ಜೋಡಿಯಾದ ಡಗ್ಗಾದ ತಗ್ಗಿನ ಘುಂಕಾರ ಬಂತೆಂದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಹೀಗಾಗಿ ಶೈಸ್ತಾ ಪ್ರತಿ ಹಾಡನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡು ಅನಗೋಳಕ್ಕೆ ಒಯ್ದು, ಗಂಡ ಉಜೈರನ ಟೆಂಪೋದಲ್ಲಿ ಕೂತು ಕೇಳಿ, ಮರುದಿನ ಬಂದು ತಿದ್ದುತ್ತಿದ್ದಳು. ತಗ್ಗಿನ ದನಿಗೆಂದೇ ಇರುವ ಸಬ್‌ವೂಫರ್ ಬೇಕೆಂದು ಎರಡು ವರ್ಷ ರೋಹನನ ತಲೆ ತಿಂದಿದ್ದಳು. ಈ ವರ್ಷ ಕೊನೆಗೂ ಬಂತು, ಮೊಣಕಾಲೆತ್ತರದ ಕರಿ ಡಬ್ಬಿ.

"ಮೂಲ್ಯಾಗ ಇಡೂಣು," ಅಂದ ರೋಹನ. "ಅಲ್ಲಿ ಇಟ್ರ ನೆಲಾನ ನಡಗತೈತಿ. ಗಿರಾಕಿ ಖುಷ್ ಆಗ್ತಾರ."

"ಮೂಲ್ಯಾಗ ಇಟ್ರ ಒಂದು ಸುರ ಗುಡಗತೈತಿ, ಬಾಜೂಕಿನ ಸುರ ಕೇಳಾಂಗಿಲ್ರಿ. ಅದನ್ನ ನಂಬಿದ್ರ ನಾವ ಮೋಸ ಹೋಗ್ತೀವಿ."

ಅವಳು ಡಬ್ಬಿಯನ್ನು ತಾನು ಕೂರುವ ಕುರ್ಚಿಯ ಮೇಲೆ ಇಡಿಸಿದಳು. ಡಗ್ಗಾದ ಒಂದು ತುಣುಕನ್ನು ಮತ್ತೆ ಮತ್ತೆ ಬರುವಂತೆ ಹಚ್ಚಿ, ದುಪಟ್ಟಾ ಸೊಂಟಕ್ಕೆ ಸುತ್ತಿ, ಕೈಕಾಲೂರಿ ಕೋಣೆಯ ತುಂಬ ಅಂಬೆಗಾಲಿಕ್ಕತೊಡಗಿದಳು. ಎಲ್ಲಿ ಕಿವಿ ಇಟ್ಟಾಗ ಎಲ್ಲ ಪೆಟ್ಟೂ ಸಮನಾಗಿ ಕೇಳುತ್ತದೋ ಡಬ್ಬಿ ಇಡಬೇಕಾದ ಜಾಗ ಅದು. ಚಹಾ ತಂದ ರೋಹನನ ತಾಯಿ ಭರಮವ್ವ ಬಾಗಿಲಲ್ಲೇ ನಿಂತುಬಿಟ್ಟಳು.

"ಏನ ಕಳಕೊಂಡಿ ಯವ್ವಾ? ಕಿವ್ಯಾನ ಬೆಂಡ್ವಾಲಿ ಬಿತ್ತೇನ?"

"ಇಲ್ರೀ ಅವ್ವಾರ. ಡಗ್ಗಾದ ದನಿ ಎಲ್ಲಿ ಸಮ ಬರತೈತಿ ನೋಡಾಕತ್ತೀನಿ."

"ದನಿ ಹುಡುಕಾಕ ಹಿಂಗ ನೆಲಾ ಸವರಬೇಕಾ? ಶಿವನ!" ಎಂದು ಭರಮವ್ವ ನಕ್ಕಳು. ಕೆಟ್ಟ ಹೆಂಗಸಲ್ಲ ಅವಳು. ಈ ಕತೆಯಲ್ಲಿ ಕೆಟ್ಟವರನ್ನು ಹುಡುಕುವವರು ಅವಳನ್ನು ಬಿಟ್ಟುಬಿಡಬೇಕು.

ಜಾಗ ಸಿಕ್ಕಿತು, ಮೇಜಿನ ಕೆಳಗೆ, ನಡುವಿನಿಂದ ಒಂದು ಮೊಳ ಎಡಕ್ಕೆ. ಮುಂದಿನದು ನಾಜೂಕಿನ ಕೆಲಸ. ಎಂಬತ್ತು ಹರ್ಟ್ಜ್ ಎಂಬ ಗೆರೆಯ ಕೆಳಗಿನ ದನಿ ದೊಡ್ಡ ಡಬ್ಬಿಗೆ, ಮೇಲಿನದು ಸಣ್ಣವಕ್ಕೆ ಎಂದು ಹಂಚಿದಳು. ಡಗ್ಗಾದ ಜೀವ ಇರುವುದೇ ಆ ಗೆರೆಯ ಆಸುಪಾಸಿನಲ್ಲಿ. ಅಲ್ಲಿ ದೊಡ್ಡದೂ ಸಣ್ಣವೂ ಒಟ್ಟಿಗೆ ದನಿ ಎತ್ತಬೇಕು. ಡಬ್ಬಿ ಗಾಳಿಯನ್ನು ಮುಂದೆ ತಳ್ಳುವ ಹೊತ್ತಿಗೆ ಸಣ್ಣವು ಹಿಂದಕ್ಕೆಳೆದರೆ ಒಂದರ ದನಿಯನ್ನು ಇನ್ನೊಂದು ತಿಂದುಹಾಕುತ್ತದೆ. ಅದಕ್ಕಾಗಿ ಡಬ್ಬಿಯ ಬೆನ್ನಿಗೆ ಒಂದು ಪುಟ್ಟ ಸ್ವಿಚ್ಚಿರುತ್ತದೆ, ಫೇಜ್ ಸ್ವಿಚ್ಚು. ಶೈಸ್ತಾ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಳು, ರೋಹನ ಮೇಜಿನಡಿ ತೂರಿ ಸ್ವಿಚ್ಚನ್ನು ಮೇಲೆ ಕೆಳಗೆ ಮಾಡಿದ.

"ಈಗ?"

"ಹೋತು. ಡಗ್ಗಾನ ಹೋತು."

"ಈಗ?"

"ಹಾಂ, ಇದ ಖರೇ. ಬಿಡ್ರಿ ಅಲ್ಲೇ."

"ಹೌದ ಹೌದ, ನನಗೂ ಕೇಳಿಸ್ತು," ಅಂದ ರೋಹನ, ಮೇಜಿನ ಕೆಳಗಿನಿಂದ. ಅಲ್ಲಿಂದ ಅದು ಯಾರಿಗೂ ಕೇಳಿಸುವುದು ಸಾಧ್ಯವಿರಲಿಲ್ಲ.

ಶೈಸ್ತಾ ಪರ್ಸಿನಿಂದ ಉಗುರುಬಣ್ಣದ ಶೀಶೆ ತೆಗೆದಳು. ತಂಗಿ ಸನಮಳ ಮದುವೆಗೆಂದು ಕೊಂಡದ್ದು, ಮೆರೂನ್ ಬಣ್ಣ. ಡಬ್ಬಿಯ ಬೆನ್ನ ಮೇಲೆ, ಸ್ವಿಚ್ಚು ಎಲ್ಲಿ ನಿಲ್ಲಬೇಕೋ ಅಲ್ಲಿ ಒಂದು ಬೊಟ್ಟಿಟ್ಟಳು.

ಇಷ್ಟೆಲ್ಲ ಸಂಭ್ರಮ ಚಂದ್ರವ್ವಳಿಗಾಗಿ. ಖಾನಾಪುರದಲ್ಲಿ ಶೈಸ್ತಾಳ ತವರಿನ ಹಿಂದಿನ ಓಣಿಯಲ್ಲಿ ಒಂದು ಮಠವಿದೆ. ಅಲ್ಲಿ ಸೋಮವಾರದ ಭಜನೆಯಲ್ಲಿ ನಲವತ್ತು ವರ್ಷದಿಂದ ತತ್ವಪದಗಳನ್ನು ಎತ್ತಿ ಹಾಡುವವಳು ಚಂದ್ರವ್ವ. ವಯಸ್ಸು ಎಪ್ಪತ್ತು. ಅವಳ ಹೆಗ್ಗಳಿಕೆ ಉಸಿರು. ಪದದ ಕೊನೆಯಕ್ಷರ ಹಿಡಿದರೆ ಡಗ್ಗಾ ಒಂದು ಸುತ್ತು ಮುಗಿಸಿ ಬರುವವರೆಗೆ ಬಿಡುತ್ತಿರಲಿಲ್ಲ, ದನಿ ಒಂದು ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಕಿರಾಣಿ ಅಂಗಡಿಯವರೂ 'ಆಯಿಯ ಉಸಿರು' ಎಂದು ಮಾತಾಡಿಕೊಳ್ಳುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೆ ಬೀಗುತ್ತಲೂ ಇದ್ದಳು.

ಹತ್ತು ವರ್ಷದ ಶೈಸ್ತಾ ಆ ಮಠದ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ಒಂದು ಸೋಮವಾರ ತಡೆಯಲಾರದೆ, "ಆಯಿ, ಡಗ್ಗಾದ ಸುರ ಇಳದೈತಿ," ಅಂದುಬಿಟ್ಟಳು. ಚಂದ್ರವ್ವ ಪದ ನಿಲ್ಲಿಸಿ ಏಕತಾರಿ ಮೀಟಿ ನೋಡಿದಳು. ಡಗ್ಗಾ ಬಾರಿಸುವ ಲಕ್ಷ್ಮಣ ನಾಚಿಕೊಂಡು ಸುತ್ತಿಗೆ ತೆಗೆದು ಬಿಗಿ ಮಾಡಿದ. ಅಂದಿನಿಂದ ಪದ ಎತ್ತುವ ಮೊದಲು ಚಂದ್ರವ್ವ ಮೆಟ್ಟಿಲ ಕಡೆ ಹೊರಳಿ, "ಏ ಹುಡಿಗಿ, ಸುರ ಕೂಡೈತೇನ?" ಎಂದು ಕೇಳುವುದು ರೂಢಿಯಾಯಿತು. ಹುಡುಗಿ ಹೂಂ ಅಂದ ಮೇಲೆಯೇ ಪದ. ಶೈಸ್ತಾ ಮದುವೆಯಾಗಿ ಹೋದ ಮೇಲೂ, ತವರಿಗೆ ಬಂದ ಸೋಮವಾರಗಳಲ್ಲಿ ಆ ಪ್ರಶ್ನೆ ತಪ್ಪಿರಲಿಲ್ಲ.

ಪದಗಳನ್ನು ರೆಕಾರ್ಡ್ ಮಾಡೋಣ ಎಂದು ಬಂದವರಿಗೆಲ್ಲ ಇಲ್ಲ ಅಂದಿದ್ದ ಚಂದ್ರವ್ವ ಇವಳಿಗೆ ಮಾತ್ರ ಒಪ್ಪಿದಳು. "ನೀ ಕೇಳಿ ಚಲೋ ಅಂದದ್ದ ಹೊರಗ ಹೋಗಲಿ. ಬ್ಯಾರೇದವರ ಕಿವಿ ಮ್ಯಾಲ ನನಗ ಭರೋಸಾ ಇಲ್ಲ," ಅಂದಿದ್ದಳು. ನವರಾತ್ರಿಗೆ ಮುಂಚೆ ಬಂದು ಎರಡು ದಿನದಲ್ಲಿ ಏಳು ಪದ ಹಾಡಿಹೋದಳು. ನೆಲದ ಮೇಲೆ ಕೂತು, ಲಕ್ಷ್ಮಣನ ಡಗ್ಗಾಕ್ಕೂ ತನಗೂ ನಡುವೆ ಗಾದಿ ನಿಲ್ಲಿಸಿಕೊಂಡು. ಎರಡೂ ಬೇರೆ ಬೇರೆಯಾಗಿ ಅಚ್ಚುಕಟ್ಟಾಗಿ ದಾಖಲಾದವು.

ಆಗಲೇ ಸನಮಳ ಮದುವೆ. ಎಂಟು ದಿನದ ರಜೆಗೆ ಹೊರಡುವಾಗ ಶೈಸ್ತಾ ಎರಡು ಮಾತು ಹೇಳಿದಳು. "ಆ ಬೊಟ್ಟ ಬಿಟ್ಟು ಸ್ವಿಚ್ ಸರೀಬಾರದ್ರಿ. ಮತ್ತ ನಾ ಬರೂತನಕ ಆಯಿ ಪದಾ ಮುಟ್ಟಬ್ಯಾಡ್ರಿ."

"ಆತ ಬಿಡ. ಮಿಕ್ಸಿಂಗ್ ನಿಂದ, ಕವರ್ ಮ್ಯಾಲ ಹೆಸರೂ ನಿಂದ," ಅಂದ ರೋಹನ. ಒಂಬತ್ತು ವರ್ಷದಲ್ಲಿ ಮೊದಲ ಬಾರಿ. ಮದುವೆ ಮನೆಯಲ್ಲಿ ಬಿರಿಯಾನಿಗೆ ಈರುಳ್ಳಿ ಹೆಚ್ಚುವಾಗಲೂ ಶೈಸ್ತಾ ಆ ಕವರಿನ ಮೇಲೆ ತನ್ನ ಹೆಸರು ಎಲ್ಲಿ ಬರಬಹುದು ಎಂದು ಯೋಚಿಸಿದಳು. ಎಡಗಡೆಯೋ ಬಲಗಡೆಯೋ ಎಂಬಷ್ಟರವರೆಗೆ ಹೋಗಿತ್ತು ಆಸೆ.

ರಜೆ ಮುಗಿಸಿ ಬಂದ ದಿನ ಸ್ಟುಡಿಯೋದಲ್ಲಿ ಇನ್ನೂ ಊದುಬತ್ತಿಯ ವಾಸನೆ ಇತ್ತು. ನವಮಿಯ ಖಂಡೆಪೂಜೆ, ಅಂದರೆ ಆಯುಧಪೂಜೆ ಆಗಿತ್ತು. ಕಂಪ್ಯೂಟರಿಗೆ ವಿಭೂತಿ, ಮೈಕಿಗೆ ವಿಭೂತಿ, ಡಬ್ಬಿಗೆ ಮೂರೆಳೆ ವಿಭೂತಿಯ ಜೊತೆ ಒಣಗಿದ ಚೆಂಡುಹೂವು. ರೋಹನನ ಮುಖದಲ್ಲಿ ಬೆಳಕು.

"ಮಠದವರು ಗಡಿಬಿಡಿ ಮಾಡಿದ್ರು. ರವಿವಾರ ಅಲ್ಲಿ ಕಾರ್ಯಕ್ರಮ, ಅವತ್ತ ಬಿಡುಗಡೆ ಅಂದ್ರು. ನಾನ ಕುಂತು ಏಳೂ ಪದಾ ಮಿಕ್ಸ್ ಮಾಡಿ ಒಗದೆ. ಕೇಳ ನೋಡು."

ಹಾಡಿಗಿಂತ ಮೊದಲು ಅವಳಿಗೆ ಕಂಡದ್ದು ಪರದೆಯ ಮೇಲಿನ ಕವರು. ಚಂದ್ರವ್ವಳ ಫೋಟೋ, ಏಕತಾರಿ, ಕೆಳಗೆ ದೊಡ್ಡದಾಗಿ 'ಧ್ವನಿಗ್ರಹಣ ಮತ್ತು ಮಿಕ್ಸಿಂಗ್: ರೋಹನ'. ಅದರ ಕೆಳಗೆ, ಕಣ್ಣು ಕಿರಿದು ಮಾಡಿದರೆ ಓದಲು ಬರುವಂತೆ, 'ಸಹಾಯ: ಶೈಸ್ತಾ'.

"ಅದು ಪೋಸ್ಟರ್ ಮಾಡಾಂವ ಹಂಗ ಹಾಕ್ಯಾನ," ಅಂದ ರೋಹನ, ಅವಳು ಕೇಳುವ ಮೊದಲೇ.

ಪದ ಶುರುವಾಯಿತು. ಅರ್ಧ ನಿಮಿಷ ಸಾಕಾಯಿತು ಅವಳಿಗೆ. ಡಗ್ಗಾದ ಘುಂಕಾರ ಇರಬೇಕಾದಲ್ಲಿ ಗುಳಿ ಬಿದ್ದಿತ್ತು. ಕೆಳಗೆ ಬಿದ್ದ ಪೆನ್ನು ಎತ್ತುವ ನೆಪದಲ್ಲಿ ಬಗ್ಗಿ ಡಬ್ಬಿಯ ಬೆನ್ನು ನೋಡಿದಳು. ಧೂಳಿನ ಒಂದು ಕಣವಿರಲಿಲ್ಲ, ಭರಮವ್ವ ಪೂಜೆಗೆಂದು ಹಸಿ ಬಟ್ಟೆಯಿಂದ ಮೂಲೆಮೂಲೆ ಉಜ್ಜಿದ್ದಳು. ಮೆರೂನ್ ಬೊಟ್ಟು ಇದ್ದಲ್ಲೇ ಇತ್ತು. ಸ್ವಿಚ್ಚು ಮಾತ್ರ ಬೊಟ್ಟು ಬಿಟ್ಟು ಆ ತುದಿಗೆ ಹೋಗಿತ್ತು.

ಉಳಿದದ್ದೆಲ್ಲ ಅವಳಿಗೆ ಕೂತಲ್ಲೇ ತಿಳಿಯಿತು. ರೋಹನನಿಗೆ ಡಗ್ಗಾ ಕೇಳಿಸಿಲ್ಲ, ಏರಿಸಿದ್ದಾನೆ. ಮತ್ತೂ ಕೇಳಿಸಿಲ್ಲ, ಮತ್ತೂ ಏರಿಸಿದ್ದಾನೆ. ಕೊನೆಗೆ ಒಟ್ಟು ಸದ್ದು ಮಿತಿ ಮೀರದಂತೆ ಮೇಲೊಂದು ಲಿಮಿಟರ್ ಹಾಕಿದ್ದಾನೆ. ಲಿಮಿಟರ್ ಎಂದರೆ ಕಂಪ್ಯೂಟರಿನೊಳಗಿನ ಒಬ್ಬ ಪೊಲೀಸ. ಯಾರು ಜೋರು ಮಾಡಿದರೂ ಅಲ್ಲಿದ್ದ ಎಲ್ಲರ ತಲೆಯನ್ನೂ ಒಮ್ಮೆಗೇ ಒತ್ತಿಹಿಡಿಯುತ್ತಾನೆ. ಹೀಗೆ ಡಗ್ಗಾ ಬಿದ್ದಾಗಲೆಲ್ಲ ಚಂದ್ರವ್ವಳ ದನಿ ಕುಗ್ಗಿ ಕುಗ್ಗಿ ಏಳುತ್ತಿತ್ತು. ಸ್ವಿಚ್ಚಿನ ತಪ್ಪು ಈ ಕೋಣೆಗಷ್ಟೇ, ಹೊರಗೆ ದೊಡ್ಡ ಸ್ಪೀಕರಿನಲ್ಲಿ ಡಗ್ಗಾ ಗುಡುಗುತ್ತದೆ. ಮೊಬೈಲಿನಲ್ಲಾದರೆ ಅದು ಕೇಳಿಸುವುದೂ ಇಲ್ಲ, ದನಿ ಕುಗ್ಗುವುದಷ್ಟೇ ಕೇಳಿಸುತ್ತದೆ.

ಬಿಡುಗಡೆಗೆ ಇನ್ನೂ ಮೂರು ದಿನವಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಂದು ಬೆರಳಿನ ಕೆಲಸ, ಆಮೇಲೆ ಒಂದು ದಿನದ ದುಡಿಮೆ.

"ಹೆಂಗೈತಿ?" ಎಂದು ಕೇಳಿದ ರೋಹನ.

ಶೈಸ್ತಾ ಪರದೆಯ ಮೇಲಿನ 'ಸಹಾಯ'ವನ್ನು ಇನ್ನೊಮ್ಮೆ ನೋಡಿದಳು. ನಿನ್ನ ಹೆಸರಲ್ಲವೇ, ಹೋಗಲಿ ನಿನ್ನ ಹೆಸರಲ್ಲೇ, ಊರು ನಿನ್ನ ಮುಖಕ್ಕೆ ನಗಲಿ ಎಂದುಕೊಂಡಳು.

"ಚಲೋ ಐತ್ರಿ," ಅಂದಳು.

ಆ ಹೊತ್ತಿನಲ್ಲಿ ಅವಳ ಲೆಕ್ಕದಲ್ಲಿ ಇದ್ದದ್ದು ಇಬ್ಬರೇ, ತಾನು ಮತ್ತು ರೋಹನ. ಮೂರನೆಯವಳು ನೆನಪಾಗಲಿಲ್ಲ. ಸಿಟ್ಟು ಬಂದಾಗ ಮನುಷ್ಯರು ಎಷ್ಟು ದಡ್ಡರಾಗುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಊರು ನಗಲಿಲ್ಲ. ಊರಿಗೆ ಬಹಳ ಹಿಡಿಸಿತು. ರವಿವಾರ ಮಠದ ಅಂಗಳದಲ್ಲಿ ದೊಡ್ಡ ಸ್ಪೀಕರುಗಳು ಗುಡುಗಿದಾಗ ಹುಡುಗರು ಸಿಳ್ಳೆ ಹೊಡೆದರಂತೆ. 'ಬೇಸ್ ಭಾರಿ ಐತಿ' ಎಂದು ಖಾನಾಪುರದ ಕಾರುಗಳು ಆ ಪದಗಳನ್ನು ಹಚ್ಚಿಕೊಂಡು ತಿರುಗಿದವು. ರೋಹನನಿಗೆ ತಿಂಗಳೊಳಗೆ ನಾಲ್ಕು ಹೊಸ ಕೆಲಸ ಬಂದವು. ಶೈಸ್ತಾ ಕಾರ್ಯಕ್ರಮಕ್ಕೆ ಹೋಗದೆ ಮನೆಯಲ್ಲಿ ಕೂತು ಆ ನಗುವಿಗಾಗಿ ಕಾದಳು. ಬಾರದ ನಗುವಿಗೆ ಕಾದು ಕಾದು ಅವಳ ಸಿಟ್ಟೂ ಹಳಸಿಹೋಯಿತು. ಯಾರಿಗೂ ಹೇಳದೆ ಸ್ವಿಚ್ಚನ್ನು ಬೊಟ್ಟಿಗೆ ತಂದಿಟ್ಟು ತನ್ನ ಕೆಲಸ ನೋಡಿಕೊಂಡಳು.

ಮತ್ತೆ ತವರಿಗೆ ಹೋದದ್ದು ದೀಪಾವಳಿಯ ನಂತರದ ಸೋಮವಾರ. ಸಂಜೆ ಅಡುಗೆಮನೆಯ ಕಿಟಕಿಯಿಂದ ಭಜನೆ ಕೇಳಿಬಂತು. ಪದ ಎತ್ತಿದ ದನಿ ಚಂದ್ರವ್ವಳದಾಗಿರಲಿಲ್ಲ. ತಾಯಿ ಶಾಹಜಾನಬಿಯನ್ನು ಕೇಳಿದರೆ, "ಆಯಿ ಗಾನಾ ಛೋಡ್ ದಿಯೆ. ದಮ್ ನೈ ರಹಾ ಬೋಲ್ತೆ," ಎಂದಳು. ಹಾಡುವುದನ್ನು ಬಿಟ್ಟಿದ್ದಾಳಂತೆ, ಉಸಿರಿಲ್ಲವಂತೆ. ಕೈಯಲ್ಲಿದ್ದ ಲಟ್ಟಣಿಗೆ ಅಲ್ಲೇ ಬಿಟ್ಟು ಶೈಸ್ತಾ ಹಿಂದಿನ ಓಣಿಗೆ ಹೋದಳು.

ಚಂದ್ರವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. "ಬಾ ಮಗಳ, ಕುಂದರು," ಅಂದಳು. ಮುಖದಲ್ಲಿ ದುಃಖವೇನೂ ಇರಲಿಲ್ಲ, ಸಂಕೋಚವಿತ್ತು. ಮೊಬೈಲು ತೆಗೆದು ಮೊದಲ ಪದ ಹಚ್ಚಿ, ಬೆರಳೆತ್ತಿ ತೋರಿಸಿದಳು. "ಇಲ್ಲಿ ಕೇಳು. ಕಡಿತಾ? ಮತ್ತ ಇಲ್ಲಿ. ಹಾಡುವಾಗ ನನಗ ಗೊತ್ತಾಗ್ಲಿಲ್ಲ ನೋಡು. ಉಸಿರ ಒಂದ ಸಮ ಇಲ್ಲ, ಏಳತೈತಿ ಬೀಳತೈತಿ. ಇಷ್ಟ ದಿನ ಮಂದಿ ಮುಂದ ಹಿಂಗ ಹಾಡ್ಕೋಂತ ಕುಂತಿದ್ನೇನ ನಾ? ಹೇಳಾಕ ಯಾರಿಗೂ ಮನಸ ಆಗಿಲ್ಲ."

"ನಿನ್ನ ಉಸಿರಲ್ಲ ಆಯಿ ಅದು. ಮಷೀನಿಂದ. ಮಿಕ್ಸ್ ತಪ್ಪೈತಿ."

"ನಾನೂ ಹಂಗ ತಿಳದಿದ್ದೆ. ರೋಹನಗ ಫೋನ್ ಹಚ್ಚಿ ಕೇಳಿದೆ. ಶೈಸ್ತಾ ಪೂರಾ ಕೇಳಿ ಚಲೋ ಐತಿ ಅಂದಮ್ಯಾಲ ಬಿಟ್ಟೀವ್ರಿ ಅಂದ." ಚಂದ್ರವ್ವ ಅವಳ ಬೆನ್ನು ಸವರಿದಳು. "ಹೋಗಲಿ ಬಿಡು. ನನಗ ನೋವಾಗಬಾರದಂತ ಸುಮ್ನಾದಿ. ನನಗ ತಿಳೀತೈತಿ."

ಶೈಸ್ತಾ ಹೇಳಬೇಕಾದದ್ದು ನಾಲಿಗೆಯ ತುದಿಯವರೆಗೆ ಬಂತು, ಅಷ್ಟರಲ್ಲಿ ಧೈರ್ಯ ಕೈಕೊಟ್ಟಿತು. "ನಾ ಬ್ಯಾರೆ ಮಾಡ್ಕೊಂಡ ಬರ್ತೀನಿ," ಎಂದಷ್ಟೇ ಹೇಳಿ ಎದ್ದುಬಂದಳು.

ಮರುದಿನ ರೋಹನನ ಮುಂದೆ ಎಲ್ಲವನ್ನೂ ಬಿಚ್ಚಿಟ್ಟಳು, ಸ್ವಿಚ್ಚು, ಬೊಟ್ಟು, ಲಿಮಿಟರ್. ಅವನು ಕೇಳಿಸಿಕೊಂಡು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದ.

"ನೀನ ಚಲೋ ಐತಿ ಅಂದಿ."

"ಹೌದ್ರಿ, ಅಂದೆ. ಸಿಟ್ಟಿನಾಗ ಅಂದೆ. ತಪ್ಪಾತು. ಅದನ್ನ ತಗದು ಹೊಸಾದು ಹಾಕ್ರಿ."

"ನೆಟ್ಟಿನಾಗ ಎಂಬತ್ತು ಸಾವಿರ ಮಂದಿ ನೋಡ್ಯಾರ ಶೈಸ್ತಾ. ಎಲ್ಲಾರೂ ಭೇಷ್ ಅಂದಾರ. ಒಬ್ಬ ಮುದುಕಿ ಸಲುವಾಗಿ ತಗೀಲೇನ? ನೀ ಬೇಕಾದ್ರ ಬ್ಯಾರೆ ಮಾಡಿ ಪೆನ್‌ಡ್ರೈವ್‌ನಾಗ ಕೊಡು. ನಾ ಬ್ಯಾಡ ಅನ್ನಂಗಿಲ್ಲ."

ಅವನ ಮೇಲೆ ಉಗಿಯಬೇಕೆನಿಸಿತು. ಆದರೆ ಅವನ ಮೊದಲ ಮಾತು, 'ನೀನ ಚಲೋ ಐತಿ ಅಂದಿ' ಎಂಬುದು, ಸುಳ್ಳಾಗಿರಲಿಲ್ಲ.

ನಾಲ್ಕು ದಿನ ಕೂತಳು. ಮೂಲ ದಾಖಲೆಯಿಂದ ಏಳೂ ಪದಗಳನ್ನು ಮತ್ತೆ ಕಟ್ಟಿದಳು. ಡಗ್ಗಾ ಡಗ್ಗಾದ ಜಾಗದಲ್ಲಿ ನಿಂತಿತು, ಅದರ ಮೇಲೆ ಚಂದ್ರವ್ವಳ ಉಸಿರು ನೂಲು ಹಿಡಿದಂತೆ ನೆಟ್ಟಗೆ ಸಾಗಿತು. ಅವಳು ಒಂಬತ್ತು ವರ್ಷದಲ್ಲಿ ಮಾಡಿದ ಕೆಲಸಗಳಲ್ಲೆಲ್ಲ ಇದೇ ಒಳ್ಳೆಯದು. ಅಭ್ಯಾಸಬಲದಿಂದ ಉಜೈರನ ಟೆಂಪೋದಲ್ಲೂ ಕೇಳಿದಳು. ಟೆಂಪೋದಲ್ಲೂ ಸರಿಯಿತ್ತು.

ಶನಿವಾರ ಖಾನಾಪುರಕ್ಕೆ ಹೋಗಿ ಚಂದ್ರವ್ವಳ ಕಿವಿಗೆ ದೊಡ್ಡ ಹೆಡ್‌ಫೋನು ತಾನೇ ತೊಡಿಸಿದಳು. ಮುದುಕಿ ಕಣ್ಣು ಮುಚ್ಚಿದಳು. ಕೊನೆಯಕ್ಷರ ಬಂದಾಗ ಅವಳ ಎದೆ ತಾನಾಗಿಯೇ ಉಬ್ಬಿ, ಡಗ್ಗಾದ ಸುತ್ತು ಮುಗಿಯುವವರೆಗೆ ಹಾಗೇ ನಿಂತು, ಆಮೇಲೆ ಇಳಿಯಿತು. ಶೈಸ್ತಾ ಅದನ್ನು ನೋಡಿದಳು. ಗೆದ್ದೆ ಅಂದುಕೊಂಡಳು.

ಚಂದ್ರವ್ವ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಭಾಳ ಚಂದ ಮಾಡಿ. ಈಗ ಮಷೀನಿನಾಗ ಏನ ಬೇಕಾದ್ದು ಮಾಡಾಕ ಬರತೈತಂತ. ಇದು ಯಾರ ಉಸಿರು ಹಚ್ಚಿ?"

"ನಿಂದ ಆಯಿ! ನಿನ್ನಾಣೆ, ನಾ ಏನೂ ಹಚ್ಚಿಲ್ಲ. ಮೊದಲಿಂದ ತಪ್ಪಿತ್ತು. ಅವತ್ತ ಕೇಳಿದ ಕೂಡ್ಲೆ ನನಗ ಗೊತ್ತಾಗಿತ್ತು. ಹೆಸರು ಹಾಕಲಿಲ್ಲಂತ ರೋಹನ ಮ್ಯಾಲಿನ ಸಿಟ್ಟಿಗೆ ಚಲೋ ಐತಿ ಅಂದೆ. ಸುಳ್ಳ ಹೇಳಿದೆ ಆಯಿ."

ಚಂದ್ರವ್ವ ಹೆಡ್‌ಫೋನನ್ನು ಮಡಿಲಿಂದ ಎತ್ತಿ ಅವಳ ಕೈಗಿಟ್ಟಳು. ಬೈಯುತ್ತಾಳೆ ಎಂದು ಶೈಸ್ತಾ ಕಾದಳು, ಬೈದಿದ್ದರೆ ಹಗುರಾಗುತ್ತಿತ್ತು.

"ಅವಾಗ ಸುಳ್ಳ ಹೇಳಿದ್ದಿ ಅಂದ್ರ," ಎಂದಳು ಮುದುಕಿ ಮೆಲ್ಲಗೆ, "ಈಗ ಖರೇ ಹೇಳಾಕತ್ತಿ ಅಂತ ನಾ ಹೆಂಗ ತಿಳಕೊಳ್ಳಲಿ? ನನಗ ನಿನ್ನ ಕಿವಿ ಬಿಟ್ಟು ಬ್ಯಾರೆ ಕಿವಿ ಇರಲಿಲ್ಲ ಯವ್ವಾ."

ಪೆನ್‌ಡ್ರೈವನ್ನು ಅವಳು ಬೇಡ ಅನ್ನಲಿಲ್ಲ. ಅರಿಶಿಣ ಕುಂಕುಮದ ಬಟ್ಟಲಿನ ಬಾಜುಕ್ಕೆ ಇಟ್ಟು, ಚಹಾ ಕೊಟ್ಟು ಕಳಿಸಿದಳು.

ಶೈಸ್ತಾ ಬೆಳಗಾವಿಗೆ ಹೊರಡಲಿಲ್ಲ, ಸೋಮವಾರದವರೆಗೆ ತವರಲ್ಲೇ ಉಳಿದಳು. ಸಂಜೆ ಮಠಕ್ಕೆ ಹೋಗಿ ಚಿಕ್ಕಂದಿನಲ್ಲಿ ಕೂರುತ್ತಿದ್ದ ಅದೇ ಮೆಟ್ಟಿಲ ಮೇಲೆ ಕೂತಳು. ಒಳಗೆ ಇಪ್ಪತ್ತು ಮಂದಿ ಇದ್ದರು. ಏಕತಾರಿ ಈಗ ಕಾಡವ್ವ ಎಂಬ ಹೆಂಗಸಿನ ಕೈಯಲ್ಲಿತ್ತು, ಪದ ಎತ್ತಿದವಳೂ ಅವಳೇ. ಚಂದ್ರವ್ವ ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ತಾಳ ಹಾಕುತ್ತಿದ್ದಳು. ಉಳಿದವರು ಕೂಡಿ ಹಾಡುವಾಗ ಅವಳ ತುಟಿಗಳೂ ಅಲುಗಿದವು. ಇಪ್ಪತ್ತು ದನಿಗಳಲ್ಲಿ ಯಾವುದು ಯಾರದೆಂದು ಬಿಡಿಸಿ ಹೇಳಬಲ್ಲ ಕಿವಿ ಶೈಸ್ತಾಳದು. ಬಿಡಿಸಿ ಬಿಡಿಸಿ ಹುಡುಕಿದಳು. ಹತ್ತೊಂಬತ್ತು ಸಿಕ್ಕವು.

ಎರಡನೆಯ ಪದದ ನಡುವೆ ಲಕ್ಷ್ಮಣನ ಡಗ್ಗಾ ಇಳಿಯಿತು. ಸ್ವಲ್ಪವೇ, ಏಕತಾರಿಗೆ ಕೂಡದಷ್ಟು. ಶೈಸ್ತಾ ಒಳಗೆ ನೋಡಿದಳು. ಚಂದ್ರವ್ವಳ ತಾಳದ ಕೈ ಒಂದು ಗಳಿಗೆ ತಡೆಯಿತು, ಅವಳಿಗೂ ಕೇಳಿಸಿತ್ತು. ಹಳೆಯ ರೂಢಿಯಂತೆ ಅವಳ ಕುತ್ತಿಗೆ ಮೆಟ್ಟಿಲ ಕಡೆ ಹೊರಳಿತು, ಅಲ್ಲಿ ಕೂತವಳು ಕಣ್ಣಿಗೆ ಬಿದ್ದ ಕೂಡಲೇ ಮತ್ತೆ ಮುಂದಕ್ಕೆ ತಿರುಗಿತು. ತಾಳ ಮುಂದುವರಿಯಿತು. ಡಗ್ಗಾ ಇಳಿದೇ ಇತ್ತು. ಹೇಳಲು ಶೈಸ್ತಾ ಬಾಯಿ ತೆರೆದಳು, ಆದರೆ ಅವಳನ್ನು ಯಾರೂ ಕೇಳಿರಲಿಲ್ಲ.